ಆರದ ಹಸಿರು ದೀಪ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಗ್ಯಾರೇಜಿನ ಬಾಗಿಲಲ್ಲಿ ನಿಂತರೆ ಎದುರಿನ ದೀಪದ ಕಂಬವೂ ಕಾಣುತ್ತಿರಲಿಲ್ಲ. ಎಲೆ ಅಲುಗುತ್ತಿರಲಿಲ್ಲ. ತಗಡಿನ ಸೂರಿನಿಂದ ಆಗೊಮ್ಮೆ ಈಗೊಮ್ಮೆ ಒಂದು ಹನಿ ಜಾರಿ ಖಾಲಿ ಆಯಿಲ್ ಡಬ್ಬದ ಮೇಲೆ ಟಪ್ಪೆಂದು ಬೀಳುತ್ತಿತ್ತು. ಮೇಲಿರುವವನು ಏನನ್ನೋ ಹೇಳಲು ಬಾಯಿ ತೆರೆದು, ಹೇಳದೆ ಸುಮ್ಮನಾದಂತಿತ್ತು.

ಗ್ಯಾರೇಜು ಗೇರಕ್ಕನದು. ಹಳೆಯ ಮೋಟಾರು ಸೈಕಲ್ಲುಗಳ ಗೇರುಪೆಟ್ಟಿಗೆ ಬಿಚ್ಚುವುದರಲ್ಲಿ ಅವಳ ಕೈ ಪಳಗಿದ್ದರಿಂದ ಊರೇ ಆ ಹೆಸರಿಟ್ಟಿತ್ತು. ಮುಂಭಾಗದ ಅರ್ಧದಲ್ಲಿ ಅವಳ ಗಂಡ ಬಟ್ಟೆ ಹೊಲಿಯುತ್ತಿದ್ದ.

"ಏನ್ ಮಂಜೇ ಇದು! ಸೂಜಿಗೆ ದಾರ ಪೋಣಿಸೋಕೂ ದೇವರನ್ನೇ ಕರೀಬೇಕು" ಎಂದ ದರ್ಜಿ.

"ನಿಮ್ಮ ಕಣ್ಣಿಗೆ ಮಂಜು ಬಂದು ಎರಡು ವರ್ಷ ಆಯ್ತು. ಇವತ್ತಿನ ಮಂಜನ್ನ ಯಾಕೆ ಬೈತೀರಿ?" ಎಂದಳು ಗೇರಕ್ಕ.

ದರ್ಜಿ ನಗುತ್ತಲೇ ಎದ್ದು, ಗೋಡೆಯ ಮೊಳೆಗೆ ನೇತುಹಾಕಿದ್ದ ಕೋಟನ್ನು ಇಸ್ತ್ರಿಗೆಂದು ತೆಗೆದ. ಕೋಟಿನ ಹಿಂದೆ, ಅದೇ ಮೊಳೆಯಲ್ಲಿ, ಗೇರಕ್ಕನ ಬಳೆ ತೂಗುತ್ತಿತ್ತು.

ಗೇರಕ್ಕ ತನ್ನ ಬರಿಯ ಎಡಗೈಯನ್ನು ನೋಡಿಕೊಂಡಳು.

ಹಳೆಯ ಗಾಡಿಗಳ ಎಂಜಿನ್ನಿಗೆ ಒಂದು ಪುಟ್ಟ ಸ್ವಿಚ್ಚಿರುತ್ತದೆ. ಗಾಡಿ ನ್ಯೂಟ್ರಲಿನಲ್ಲಿದ್ದರೆ ಮಾತ್ರ ಅದು ಹಸಿರು ದೀಪ ಹೊತ್ತಿಸಿ, ಸ್ಟಾರ್ಟ್ ಬಟನ್ನಿಗೆ ದಾರಿ ಬಿಡುತ್ತದೆ. ಗೇರಿನಲ್ಲಿದ್ದರೆ ಬಾಗಿಲು ಕಾಯುವವನ ಹಾಗೆ ಅಡ್ಡ ನಿಲ್ಲುತ್ತದೆ. ಅದನ್ನು ಬಿಚ್ಚಿ ತೊಳೆಯುವಾಗ ಗೇರಕ್ಕ ಸ್ಟಾರ್ಟರ್ ಪರೀಕ್ಷಿಸಲು ಸ್ವಿಚ್ಚಿನ ವೈರನ್ನು ಒಂದು ತುಂಡು ತಂತಿಯಿಂದ ಎಂಜಿನ್ನಿನ ಮೈಗೆ ಕಟ್ಟಿಬಿಡುತ್ತಿದ್ದಳು. ಆಮೇಲೆ ಗಾಡಿ ಯಾವ ಗೇರಿನಲ್ಲಿದ್ದರೂ ದೀಪ ಹಸಿರೇ. ಬಟನ್ ಒತ್ತಿದರೆ ಗಾಡಿ ನೆಗೆಯುತ್ತದೆ. ಆದ್ದರಿಂದ ಅವಳಿಗೊಂದು ನೇಮವಿತ್ತು: ತಂತಿ ಕಟ್ಟುವ ಮುಂಚೆ ಎಡಗೈ ಬಳೆ ತೆಗೆದು ಮೊಳೆಗೆ ಹಾಕುವುದು, ತಂತಿ ಬಿಚ್ಚಿದ ಮೇಲೆಯೇ ತೊಡುವುದು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ನಿನ್ನೆ ಸಂಜೆ ಬಳೆಯ ಮೇಲೆ ಕೋಟು ಬಿದ್ದಿತ್ತು. ಕೈ ಮೊಣಕೈವರೆಗೆ ಗ್ರೀಸಾಗಿದ್ದರಿಂದ ಬರಿಗೈ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಗಡಿಯಾರ ರಿಪೇರಿಯ ಅಜ್ಜ ಬಂದು, "ಇಳಿಜಾರೇ ಅಲ್ವಾ, ತಳ್ಕೊಂಡೇ ಹೋಗ್ತೀನಿ" ಎಂದು, ತಂತಿ ಇನ್ನೂ ಕಟ್ಟಿದ್ದ ತನ್ನ ಗಾಡಿಯನ್ನು ಒಯ್ದಿದ್ದ.

ಅಜ್ಜನ ಅಂಗಳವೂ ಇಳಿಜಾರು. ಗಾಡಿ ಜಾರದಿರಲೆಂದು ಅವನು ರಾತ್ರಿ ಒಂದನೇ ಗೇರಿಗೆ ಹಾಕಿ ನಿಲ್ಲಿಸುತ್ತಾನೆ. ಬೆಳಿಗ್ಗೆ ಪಕ್ಕದಲ್ಲಿ ನಿಂತು, ದೀಪ ನೋಡಿ, ಗೇರು ಬಿಡಿಸಿ, ಬಟನ್ ಒತ್ತುತ್ತಾನೆ. ದೀಪ ಮೊದಲೇ ಹಸಿರಿದ್ದರೆ ಬಿಡಿಸುವುದೇನನ್ನು? ಆ ಹೊತ್ತಿಗೆ ಗಾಡಿಯ ಮುಂದೆ, ಗೋಡೆಗೆ ಒರಗಿ ಕೂತು ಬೆಳ್ಳುಳ್ಳಿ ಸುಲಿಯುವುದು ಅಜ್ಜಿಯ ರೂಢಿ.

"ಫೋನ್ ಮಾಡ್ರೀ ಅಜ್ಜನಿಗೆ! ಗಾಡಿ ಮುಟ್ಬೇಡಿ ಅನ್ನಿ!" ಎನ್ನುತ್ತಲೇ ಗೇರಕ್ಕ ಬೀದಿಗಿಳಿದಳು.

ಮಂಜು ಅವಳನ್ನು ನುಂಗಿತು. ಎಡಗೈಯಲ್ಲಿ ಗೋಡೆ ತಡವುತ್ತಾ ಓಡಿದಳು. ದಿನಾ ನಡೆಯುವ ದಾರಿ ಇಂದು ಬೇರೆ ಯಾರದೋ ಊರಿನದಾಗಿತ್ತು. ಎಲ್ಲಿಂದಲೋ ಫೋನು ಬಡಿದುಕೊಳ್ಳುವ ಸದ್ದು ಕೇಳಿತು, ಯಾರೂ ಎತ್ತಲಿಲ್ಲ. ಅಜ್ಜನಿಗೆ ಕಿವಿ ಮಂದ. ದೇವರೇ, ಒಂದು ಗಳಿಗೆ ಅವನ ಕೈ ಹಿಡಿದುಕೋ ಎಂದು ಬೇಡುತ್ತಾ ಓಡಿದಳು.

ಗೇಟಿನ ಬಳಿ ಬಂದಾಗ ಮಂಜಿನೊಳಗೆ ಮೊದಲು ಕಂಡದ್ದು ಒಂದು ಹಸಿರು ಚುಕ್ಕೆ.

"ಅಜ್ಜೀ! ಏಳಿ! ಈ ಕಡೆ ಬನ್ನಿ!"

"ಯಾರದು, ಬೆಳಗ್ಗೆ ಬೆಳಗ್ಗೆ ಕಿರುಚ್ಕೊಂಡು..." ಎನ್ನುತ್ತಾ ಅಜ್ಜಿ ಎದ್ದು ಗೇಟಿನತ್ತ ನಾಲ್ಕು ಹೆಜ್ಜೆ ಇಟ್ಟಳು.

ಅಷ್ಟರಲ್ಲಿ ಗಾಡಿ ಗುರ್ರೆಂದಿತು. ಅಜ್ಜನ ಕೈಯಿಂದ ಹ್ಯಾಂಡಲ್ ಕಿತ್ತುಕೊಂಡು, ಇಳಿಜಾರಿನಲ್ಲಿ ನುಗ್ಗಿ, ಅಜ್ಜಿ ಕೂತಿದ್ದ ಮಣೆಯನ್ನು ಗೋಡೆಗೆ ಅಪ್ಪಳಿಸಿ ಎರಡು ಹೋಳು ಮಾಡಿ ನಿಂತಿತು. ಗೋಡೆಯ ಗಾರೆ ಉದುರಿತು. ಬೆಳ್ಳುಳ್ಳಿ ಸಿಪ್ಪೆ ಹಾರಿ ನಿಧಾನಕ್ಕೆ ಕೆಳಗಿಳಿಯಿತು. ಎಂಜಿನ್ ನಿಂತಿತ್ತು. ಹಸಿರು ದೀಪ ಮಾತ್ರ ಉರಿಯುತ್ತಲೇ ಇತ್ತು.



"ಆ ಮಣೆ ಮೇಲೆ ನಾನಿದ್ದೆ ಕಣ್ರೀ" ಎಂದಳು ಅಜ್ಜಿ, ಮೆಲ್ಲಗೆ. ಆಮೇಲೆ ದನಿ ಏರಿತು. "ತಲೆ ಎಲ್ಲಿಟ್ಟಿದ್ರಿ? ಐವತ್ತು ವರ್ಷ ಬಾಳಿಸಿ ಈಗ ಕೊಲ್ಲೋಕೆ ಹೊರಟ್ರಾ? ಮಗ ಹೇಳಿದ್ದೇ ಸರಿ. ಗಾಡಿನೂ ಬೇಡ, ಅಂಗಡಿನೂ ಬೇಡ. ಮೂಲೇಲಿ ಕೂತ್ಕೊಳ್ಳಿ!"

ಅಜ್ಜ ತನ್ನ ಎರಡು ಕೈಗಳನ್ನೂ ನೋಡಿಕೊಳ್ಳುತ್ತಿದ್ದ. ಸಾಸಿವೆಗಿಂತ ಸಣ್ಣ ತಿರುಪನ್ನು ಎತ್ತಿ ಕೂರಿಸುವ ಕೈಗಳು ಅವು.

"ದೀಪ ನೋಡ್ದೆ ಅನ್ಸುತ್ತೆ. ಹಸಿರಿತ್ತು ಅನ್ಸುತ್ತೆ. ಕಣ್ಣು ಸುಳ್ಳು ಹೇಳ್ತೋ, ತಲೆ ಹೇಳ್ತೋ..." ಅವನು ಗಾಡಿಯಿಂದ ಕೀಲಿ ಕಿತ್ತು ಗೇರಕ್ಕನತ್ತ ಚಾಚಿದ. "ತಗೋಮ್ಮ. ಯಾರಿಗಾದ್ರೂ ಮಾರ್ಬಿಡು. ಸರಿಯಾದ ಹೊತ್ತಿಗೆ ದೇವರ ಹಾಗೆ ಬಂದೆ. ಇನ್ನು ನಂಗೆ ನನ್ನ ಮೇಲೇ ನಂಬಿಕೆ ಇಲ್ಲ."

ಕೀಲಿ ಅವಳ ಅಂಗೈಗೆ ಬಂತು. ಸುಮ್ಮನಿದ್ದರೆ ಸಾಕಿತ್ತು. ಊರು ಅವಳನ್ನು ಹೊಗಳುತ್ತಿತ್ತು, ಅಜ್ಜ ಉಳಿದ ದಿನಗಳನ್ನು ತನ್ನ ಕೈಗೆ ತಾನೇ ಹೆದರುತ್ತಾ ಮೂಲೆಯಲ್ಲಿ ಕಳೆಯುತ್ತಿದ್ದ. ಆ ಸುಮ್ಮನಿರುವಿಕೆ ಎಷ್ಟು ಹಗುರವಾಗಿತ್ತೆಂದರೆ ಅವಳಿಗೆ ಭಯವಾಯಿತು.

ಗೇರಕ್ಕ ಒದ್ದೆ ನೆಲದಲ್ಲಿ ಮಂಡಿಯೂರಿ, ಎಂಜಿನ್ನಿನ ಸಂದಿಗೆ ಬೆರಳು ಹಾಕಿ ತಂತಿ ಎಳೆದು ಬಿಸುಟಳು. ಎದ್ದು ಕೀಲಿ ಹಾಕಿ ತಿರುಗಿಸಿದಳು. ದೀಪ ಹೊತ್ತಲಿಲ್ಲ. ಬಟನ್ ಒತ್ತಿದಳು. ಗಾಡಿ ಮಿಸುಕಲಿಲ್ಲ. ಗೇರು ಬಿಡಿಸಿದಾಗ ಮಾತ್ರ ಹಸಿರು ಮೂಡಿತು.

"ನಿಮ್ಮ ಕಣ್ಣು ಸರಿ ಇದೆ ಅಜ್ಜಾ. ತಲೆನೂ ಸರಿ ಇದೆ. ಆ ದೀಪಕ್ಕೆ ಸುಳ್ಳು ಕಲಿಸಿದ್ದು ನಾನು. ತಂತಿ ಬಿಚ್ಚೋದು ಮರೆತು ಕೊಟ್ಟೆ. ಅಜ್ಜೀ, ಬೈಯೋದಿದ್ರೆ ನನ್ನ ಬೈರಿ."

ಅಜ್ಜಿ ಮುರಿದ ಮಣೆಯನ್ನೂ ಅವಳನ್ನೂ ನೋಡಿದಳು. ಬೈಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಅಜ್ಜನ ಕೈ ಇನ್ನೂ ಗಾಳಿಯಲ್ಲಿತ್ತು. ಗೇರಕ್ಕ ಕೀಲಿಯನ್ನು ಗಾಡಿಯಿಂದ ತೆಗೆದು ಸೆರಗಿನಲ್ಲಿ ಒರೆಸಿ, ಆ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.