ಹಾಲೇಶಪ್ಪನ ಫಿಯಟ್ಟು

ಕಾಗದದ ಮೇಲೆ ಆ ಫಿಯಟ್ಟು ಶೇಂಗಾ ವ್ಯಾಪಾರಿ ಗುರುಬಸವರಾಜ ಸಾವ್ಕಾರರದ್ದು. ಆದರೆ ಕೊಟ್ಟೂರಿನ ಜನ ಅದನ್ನು ಹಾಲೇಶಪ್ಪನ ಫಿಯಟ್ಟು ಅಂತಲೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಅದರ ಬಾನೆಟ್ಟಿನೊಳಗೆ ಮೆಕ್ಯಾನಿಕ್ ಹಾಲೇಶಪ್ಪನ ಕೈ ಬಿಟ್ಟು ಇನ್ನೊಬ್ಬರ ಕೈ ಹೋಗಿರಲಿಲ್ಲ. ಮದುವೆಗೆ ಹೊರಡಲಿ, ಮಣ್ಣಿಗೆ ಹೊರಡಲಿ, ಸಾವ್ಕಾರರು ಮೊದಲು ಅವನ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ, "ಹಾಲೇಶಪ್ಪ, ಒಂದೀಟು ಕಿವಿ ಇಟ್ಟು ನೋಡು" ಅನ್ನಬೇಕು. ಅವನು ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳಿ, "ಹೋಗ್ಬರ್ರಿ" ಅಂದ ಮೇಲೆಯೇ ಕಾರು ಊರು ಬಿಡಬೇಕು. ಆ ಎರಡು ಮಾತಿನ ನಡುವೆ ಹಾಲೇಶಪ್ಪ ಸಾವ್ಕಾರರಿಗಿಂತ ದೊಡ್ಡ ಸಾವ್ಕಾರ.

ಅಂಥ ಕಾರು ತೊಂಬತ್ತಾರನೇ ಇಸವಿಯ ದೀಪಾವಳಿ ಕಳೆದ ಮೇಲೆ ಹದಿನೈದು ದಿನ ಕಣ್ಣಿಗೇ ಬೀಳಲಿಲ್ಲ. ವಿಚಾರಿಸಿದರೆ, ಹಗರಿಬೊಮ್ಮನಹಳ್ಳಿಯಲ್ಲಿದೆ, ಅದೂ ಗವಿಸಿದ್ದೇಶನ ಗ್ಯಾರೇಜಿನಲ್ಲಿ. ಹಳೇ ಎಂಜಿನ್ ಇಳಿಸಿ, ಅದೇ ಕಂಪನಿಯ ಹೊಸ ಮಾದರಿ ಕಾರಿನ ಜಪಾನಿ ಎಂಜಿನ್ ಕೂರಿಸುತ್ತಿದ್ದಾನಂತೆ. ಸ್ಟೀರಿಂಗಿನ ಪಕ್ಕದ ಗೇರು ತೆಗೆದು ಕೆಳಗೆ ನೆಲದಲ್ಲಿ ಇಡುತ್ತಾನಂತೆ.

ಸುದ್ದಿ ಕೇಳಿ ಹಾಲೇಶಪ್ಪ ಉಣ್ಣುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಈ ಗವಿಸಿದ್ದೇಶ ಯಾರು? ಎಂಟು ವರ್ಷ ತನ್ನ ಕೈಕೆಳಗೆ ಪಾನಾ ಹಿಡಿದು ಕಲಿತವನು. ಈಗ ಮೂವತ್ತರ ಆಳು, ಸ್ವಂತ ಗ್ಯಾರೇಜು, ಮೂವರು ಕೆಲಸದವರು. ಉಚ್ಚಂಗಿದುರ್ಗದ ಏರಿನಲ್ಲಿ ಹಳೇ ಎಂಜಿನ್ ಪ್ರತಿಸಲ ಕುದ್ದು, ಸಾವ್ಕಾರರ ಹೆಂಡತಿ ಗಂಗಾಂಬಿಕಾ ಬಿಸಿಲಲ್ಲಿ ನಿಲ್ಲುತ್ತಿದ್ದದ್ದು ನಿಜ. ಎರಡು ಸಲ ಅದರ ಸಿಲಿಂಡರು ಕೊರೆಸಿ ಬೋರ್ ಮಾಡಿಸಿದ ಹಾಲೇಶಪ್ಪನೇ, "ವಯಸ್ಸಾತ್ರಿ, ಏನ್ ಮಾಡಾದು" ಎಂದು ಕೈ ಚೆಲ್ಲಿದ್ದೂ ನಿಜ. ಆದರೆ ಕೈ ಚೆಲ್ಲಿದ್ದನ್ನು ಇನ್ನೊಬ್ಬ ಎತ್ತಿಕೊಳ್ಳಬಹುದು ಅಂತ ಅವನು ಎಲ್ಲಿ ಹೇಳಿದ್ದ?

"ಕಾರು ಸಾವ್ಕಾರ್ದು, ಎಂಜಿನ್ ಯಾವ ದೇಶದ್ದೋ. ನೀವ್ಯಾಕ ಸವತಿ ಬಂದೋರಂಗ ಮುಖ ಊದಿಸ್ಕೊಂಡು ಕುಂತೀರಿ?" ಎಂದು ಹೆಂಡತಿ ಬಸಲಿಂಗಮ್ಮ ರೊಟ್ಟಿ ತಟ್ಟುತ್ತಲೇ ಕೇಳಿದಳು.

"ಬಾಯಿ ಮುಚ್ಕಂಡು ರೊಟ್ಟಿ ಬಡಿ" ಅಂದ.

ಆ ವಾರವೇ ಗವಿಸಿದ್ದೇಶನಿಂದ ಹೇಳಿಕೆ ಬಂತು: ಸೋಮವಾರ ಎಂಜಿನ್ನಿಗೆ ಪೂಜೆ, ಗುರುಗಳು ಬರಲೇಬೇಕು. ಕರೆದು ಹೊಟ್ಟೆ ಉರಿಸುವ ಬುದ್ಧಿ ನೋಡು ಅಂದುಕೊಂಡ ಹಾಲೇಶಪ್ಪ. ಹೋಗದಿದ್ದರೆ ಹೊಟ್ಟೆಕಿಚ್ಚಿಗೆ ಬರಲಿಲ್ಲ ಅಂತ ಜನ ಆಡಿಕೊಳ್ಳುತ್ತಾರೆ. ಇದ್ದದ್ದೂ ಅದೇ. ವಿಭೂತಿ ಹಚ್ಚಿ, ಒಗೆದ ಅಂಗಿ ತೊಟ್ಟು ಬೆಳಗಿನ ಬಸ್ಸು ಹತ್ತಿದ. ಏನಾದರೂ ಒಂದು ತಪ್ಪು ಸಿಗದೆ ಇರದು ಎಂಬ ಧೈರ್ಯವೂ ಜೊತೆಗಿತ್ತು.

ಸಾವ್ಕಾರರು, ಗಂಗಾಂಬಿಕಾ, ಕೆಲಸದವರು ಎಲ್ಲ ಗ್ಯಾರೇಜಿನ ಹೊರಗೆ ಬೇವಿನ ನೆರಳಲ್ಲಿ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದರು. "ಗುರುಗಳ, ನೀವು ಒಳಗ ಹೋಗಿ ನೋಡ್ತಿರ್ರಿ, ಚಾ ಕಳಿಸ್ತೀನಿ" ಎಂದ ಗವಿಸಿದ್ದೇಶ. ಹಾಲೇಶಪ್ಪ ಒಬ್ಬನೇ ಬಾನೆಟ್ಟಿನ ಮೇಲೆ ಬಗ್ಗಿದ.

ಎಂಜಿನ್ ಕೂರಿಸಿದ ಬ್ರಾಕೆಟ್ಟು ನೋಡಿದ. ವೆಲ್ಡಿಂಗು ಬೆರಳಾಡಿಸಿದರೂ ತೊಡಕಾಗದಷ್ಟು ನುಣುಪು. ರೇಡಿಯೇಟರಿನ ಪೈಪು, ಗೇರಿಗೆ ಕೊರೆದ ತೂತು, ತೂತಿಗೆ ಹಾಕಿದ ರಬ್ಬರು, ಎಲ್ಲ ನೋಡಿದ. ಬೈಯಲಿಕ್ಕೆ ಒಂದು ಚೂರು ಜಾಗ ಬಿಟ್ಟಿರಲಿಲ್ಲ.

ಆಗ ಅವನಿಗೆ ಅರ್ಥಿಂಗ್ ಪಟ್ಟಿ ಕಂಡಿತು. ಎಂಜಿನ್ ಕೂರುವುದು ರಬ್ಬರಿನ ಮೇಲೆ. ಎಂಜಿನ್ನಿನಿಂದ ಕಾರಿನ ಮೈಗೆ ಈ ತಂತಿಯ ಪಟ್ಟಿ ಕಟ್ಟದಿದ್ದರೆ ಬ್ಯಾಟರಿಯ ಕರೆಂಟಿಗೆ ವಾಪಸ್ ಹೋಗಲು ದಾರಿಯಿಲ್ಲ; ಸಿಕ್ಕ ಕೇಬಲ್ಲಿನಲ್ಲಿ ನುಗ್ಗಿ ಅದನ್ನೇ ಸುಡುತ್ತದೆ. "ಮೊದ್ಲು ಅರ್ಥಿಂಗ್ ಕಟ್ಟು, ಆಮೇಲೆ ಉಳಿದದ್ದು" ಎಂದು ಗವಿಸಿದ್ದೇಶನ ತಲೆಗೆ ಮೊಟಕಿ ಕಲಿಸಿದವನು ಹಾಲೇಶಪ್ಪನೇ. ಪಟ್ಟಿಗೆ ಒಂದರ ಮೇಲೊಂದು ಎರಡು ನಟ್ಟು, ಬಿಗಿಯಾಯಿತು ಎಂಬ ಗುರುತಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಚುಕ್ಕಿ. ಅದು ಹಾಲೇಶಪ್ಪನ ಗ್ಯಾರೇಜಿನ ಪದ್ಧತಿ, ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಗವಿಸಿದ್ದೇಶ ಅದನ್ನೂ ಬಿಟ್ಟಿರಲಿಲ್ಲ.

ಅದು ನೋಡಿ ಕರಗಬೇಕಾದ ಮನಸ್ಸು ಇನ್ನಷ್ಟು ಕುದಿಯಿತು. ಎಲ್ಲ ನನ್ನದೇ ಕದ್ದು ನನಗೇ ತೋರಿಸುತ್ತಾನೆ ಅಂದುಕೊಂಡ. ಬಾಗಿಲ ಕಡೆ ನೋಡಿ, ಪಾನಾ ಎತ್ತಿ, ಎರಡೂ ನಟ್ಟು ಬಿಚ್ಚಿ ಜೇಬಿಗೆ ಹಾಕಿಕೊಂಡ. ಪಟ್ಟಿಯನ್ನು ಹಿಂದಕ್ಕೆ ಸರಿಸಿದ. ಕಾರು ಹಾಳಾಗಲಿ ಎಂದೇನೂ ಅವನಿಗಿರಲಿಲ್ಲ. ಸಾವ್ಕಾರರ ಎದುರು ಒಂದೇ ಸಲ ಅದು ಮೊಂಡಾಟ ಮಾಡಬೇಕು, ಗವಿಸಿದ್ದೇಶ ಬೆವರಬೇಕು, ತಾನು ಹೋಗಿ ಎರಡು ನಿಮಿಷದಲ್ಲಿ ಹುಡುಕಿ ಕೊಡಬೇಕು. ಆಗ ಸಾವ್ಕಾರರ ಬಾಯಿಂದ ಒಂದು ಮಾತು ಬಂದರೆ ಸಾಕು.

ಪೂಜೆಯಾಯಿತು, ಕಾಯಿ ಒಡೆಯಿತು. ಗವಿಸಿದ್ದೇಶ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹಾಲೇಶಪ್ಪನ ಮುಂದೆ ನಿಂತ.

"ಇನ್ನೂ ಒಂದ್ಸಲನೂ ಸೆಲ್ಫ್ ಹೊಡದಿಲ್ಲ ಗುರುಗಳ. ನಿಮ್ ಕೈಲೇ ಮೊದಲ್ನೇದು ಆಗ್ಲಿ ಅಂತ ಕಾದೀನಿ."

ಹಾಲೇಶಪ್ಪ ಕೀಲಿ ಮುಟ್ಟಲಿಲ್ಲ. "ನೀನೇ ಹೊಡಿಯಪ್ಪ" ಅಂದ. ಸಾವ್ಕಾರರು ಬಿಡಲಿಲ್ಲ, ರಟ್ಟೆ ಹಿಡಿದು ಕೂರಿಸಿದರು. ಬೇರೆ ದಾರಿಯಿಲ್ಲದೆ ಕೀಲಿ ತಿರುವಿದ. ಟಕ್ ಅಂತು, ಸುಮ್ಮನಾಯಿತು. "ಇನ್ನೊಮ್ಮೆ" ಎಂದರು ಸಾವ್ಕಾರರು. ಇನ್ನೊಮ್ಮೆ ತಿರುವಿದಾಗ, ಸ್ಟೀರಿಂಗಿನ ಕೆಳಗಿಂದ ಎಂಜಿನ್ನಿಗೆ ಹೋಗುವ ಚೋಕ್ ಕೇಬಲ್ ಕಾದು ಅವನ ಮೊಣಕಾಲ ಮೇಲೇ ಹೊಗೆ ಎದ್ದಿತು.

"ಅಯ್ಯ ಶಿವನೇ, ಹೊಗಿ" ಎಂದು ಗಂಗಾಂಬಿಕಾ ಹಿಂದೆ ಸರಿದರು.

ಗವಿಸಿದ್ದೇಶ ಬ್ಯಾಟರಿ ತಂತಿ ಕಿತ್ತು ಬಾನೆಟ್ಟಿನೊಳಗೆ ಬಗ್ಗಿದ. ತಲೆ ಎತ್ತಿದಾಗ ಅವನ ಮುಖ ಬೇರೆಯೇ ಆಗಿತ್ತು. ಸ್ಟೀರಿಂಗ್ ಹಿಡಿದ ಗುರುವಿನ ಬೆರಳುಗಳನ್ನು ನೋಡಿದ. ಹೆಬ್ಬೆರಳಿಗೂ ತೋರುಬೆರಳಿಗೂ ಎಣ್ಣೆ ಕುಂಕುಮ ಮೆತ್ತಿತ್ತು. ಹಾಲೇಶಪ್ಪನೂ ಆಗಲೇ ಅದನ್ನು ನೋಡಿದ್ದು.

"ಏನಾತಲೇ?" ಎಂದರು ಸಾವ್ಕಾರರು.

ಗವಿಸಿದ್ದೇಶ ಬಟ್ಟೆಗೆ ಕೈ ಒರೆಸಿಕೊಂಡ. "ನಂದೇ ತಪ್ಪು ಸಾವ್ಕಾರ್ರ" ಎಂದ. "ಅರ್ಥಿಂಗ್ ಕಟ್ಟಾದು ಮರ್ತಬಿಟ್ಟೀನಿ."

"ಎಂಟು ವರ್ಷ ಹಾಲೇಶಪ್ಪನ ಕೈಕೆಳಗಿದ್ದು ಇದನ್ನೇನು ಕಲ್ತಿದ್ದು? ಅವ ಮಾಡಿದ್ರ ಹಿಂಗ ಆಗ್ತಿತ್ತೇನು?"

ಎಂಜಿನ್ನಿನ ಸುದ್ದಿ ಕೇಳಿದಾಗಿನಿಂದ ಹಾಲೇಶಪ್ಪ ಬಾಯಿ ಬಿಟ್ಟುಕೊಂಡು ಕಾದಿದ್ದ ಮಾತು ಅದೇ. ಬಂದಾಗ ಅವನಿಗೆ ಎತ್ತ ನೋಡಬೇಕೋ ತಿಳಿಯಲಿಲ್ಲ.

ಗವಿಸಿದ್ದೇಶ ಕಿಟಕಿಯ ಹತ್ತಿರ ಬಂದು, ಯಾರಿಗೂ ಕೇಳಿಸದಂತೆ ಅಂಗೈ ಚಾಚಿದ. "ಗುರುಗಳ, ಎರಡು ನಟ್ ಇದ್ರ ಕೊಡ್ರಿ."

ಹಾಲೇಶಪ್ಪ ಜೇಬಿಗೆ ಕೈ ಹಾಕಿ ಕೊಟ್ಟ.

ಬೇರೆ ಕೇಬಲ್ ಹಾಕಿ, ಪಟ್ಟಿ ಕಟ್ಟಿ, ಮತ್ತೆ ಚುಕ್ಕಿಯಿಟ್ಟ ಮೇಲೆ ಎಂಜಿನ್ ಮೊದಲ ಸಲಕ್ಕೇ ಎದ್ದಿತು. ಸಾವ್ಕಾರರು ಹಳೇ ರೂಢಿಯಂತೆ, "ಹಾಲೇಶಪ್ಪ, ಒಂದೀಟು ಕಿವಿ ಇಟ್ಟು ನೋಡು" ಅಂದರು. ಅವನು ಸ್ಕ್ರೂಡ್ರೈವರು ಹಚ್ಚಿ ಕಣ್ಣು ಮುಚ್ಚಿದ. ಇಂಥ ಸಮನಾದ ಸದ್ದನ್ನು ಅವನು ತನ್ನ ಕೈಯಾರೆ ಯಾವ ಎಂಜಿನ್ನಿನಿಂದಲೂ ಹೊರಡಿಸಿರಲಿಲ್ಲ.

"ಹೋಗ್ಬರ್ರಿ" ಅಂದ. ಕಾರಲ್ಲೇ ಬಾ ಎಂದು ಕರೆದರೂ ಬಸ್ಸಿಗೆ ಬಂದ.

"ಏನರ ತಪ್ಪು ಸಿಕ್ತೇನು?" ಎಂದಳು ಬಸಲಿಂಗಮ್ಮ, ನೀರಿನ ಚೊಂಬು ಕೊಡುತ್ತಾ. ಗಂಡ ಹೋದದ್ದು ಯಾಕೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

"ಸಿಕ್ತು. ಎರಡು ನಟ್ ಇರ್ಲಿಲ್ಲ."

"ನೀವೇ ಹಾಕಿ ಬಂದ್ರೇನು?"

"ಇಲ್ಲ. ಗವಿಸಿದ್ದೇಶ ಹಾಕಿದ." ಹಾಲೇಶಪ್ಪ ಚೊಂಬು ಕೆಳಗಿಟ್ಟ. "ನನ್ ತಪ್ಪನ್ನ ತನ್ ಮ್ಯಾಲೆ ಹಾಕ್ಕಂಡ. ಅವ್ನ ಜಾಗದಾಗ ನಾನಿದ್ರ ಹಂಗ ಮಾಡ್ತಿದ್ದಿಲ್ಲ."

ಹಾಗೆ ಹೇಳುವಾಗಲೂ ಅವನ ಹೊಟ್ಟೆ ಉರಿಯುತ್ತಲೇ ಇತ್ತು.