ದಾಟಿದ ಹಗ್ಗ

“ಏನೇ ಮುದಿ ಎಮ್ಮೆ, ಕೆಸರು ಕಂಡ್ರೆ ಮಲಗ್ಬುಡ್ತೀಯಾ? ಆಡ್ಸೇ ಕೈಯ.”

ಗದ್ದೆ ಯಜಮಾನನ ಆಳು ಪಿಲ್ಗು ಬೈದು ಮುಗಿಸುವ ಮೊದಲೇ ಹಗ್ಗ ಎತ್ತಿದ. ಬಿಗಿದ ನಾಟಿಹಗ್ಗ ನೀರಿನಿಂದ ಚಿಮ್ಮಿ ನಮ್ಮ ಕಡೆಗೆ ಒಂದು ಗೇಣು ಸರಿಯಿತು. ಸಾಲಿನಲ್ಲಿದ್ದ ಹದಿನಾಲ್ಕು ಹೆಂಗಸರ ಮುಖಗಳಿಗೂ ಕೆಸರು ಹಾರಿತು. ಹಗ್ಗಕ್ಕೆ ಕಟ್ಟಿದ ಕೆಂಪು ಚಿಂದಿಗಳ ನೇರಕ್ಕೆ ಪೈರು ಊರುವುದು ಹೆಂಗಸರ ಕೆಲಸ. ಎರಡು ಬದುಗಳ ಮೇಲೆ ಒಣಗಾಲಲ್ಲಿ ನಿಂತು ಹಗ್ಗ ಸರಿಸುವುದು ಗಂಡಸರ ಕೆಲಸ. ಅವರು ಕೂಗಿದ ಹಾಗೆ ನಮ್ಮ ಸೊಂಟ ನಡೆಯಬೇಕು.

ಬೈಸಿಕೊಂಡವಳು ಯೇಸಾನಿನ ಅಕ್ಕ. ನಮ್ಮೂರಿಗೆ ಸೊಸೆಯಾಗಿ ಬಂದವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ತವರೂರಿನಿಂದಲೇ ಕರೆಯುತ್ತಾರೆ. ಗಂಡ ಸತ್ತ ಮೇಲೆ ಅಕ್ಕ ಮೇಂಗ್ ಯಜಮಾನನ ಅರ್ಧ ಗದ್ದೆಯನ್ನು ಗೇಣಿಗೆ ಮಾಡುತ್ತ ಒಬ್ಬಳೇ ಬದುಕುತ್ತಿದ್ದಳು. ಗದ್ದೆ ಉಳಿಯಬೇಕಾದರೆ ಅವನ ನಾಟಿಗೆ ಬರಲೇಬೇಕು. ಈ ವರ್ಷ ಮೊಣಕಾಲು ಊದಿಕೊಂಡಿತ್ತು. ಎಡಕ್ಕೆ ನಾನು, ಬಲಕ್ಕೆ ತಾಂಗ್ಜಿನಿನವಳು. ಅವಳ ಪಾಲಿನ ಚಿಂದಿಗಳಲ್ಲಿ ಎರಡೆರಡಕ್ಕೆ ನಾವೇ ಪೈರು ಊರಿ ಅವಳು ಹಿಂದೆ ಬೀಳುವುದನ್ನು ಬೆಳಗಿನಿಂದ ಮುಚ್ಚಿಟ್ಟಿದ್ದೆವು.

ಹಗ್ಗ ಮತ್ತೆ ಎದ್ದಿತು. ಅಕ್ಕ ಕುಕ್ಕರಿಸಿ ಬಿದ್ದಳು.

ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಮೇಂಗ್ ಯಜಮಾನ ಮೆಲ್ಲಗೆ ಹೇಳಿದ: “ಆಯ್ತು ಬುಡವ್ವ. ಸಾಲಿಗೆ ಆಗ್ದೋಳ್ಗೆ ಗದ್ದೆ ಯಾಕೆ? ಆ ಅರ್ಧಾನ ಇನ್ಮೇಲೆ ನಮ್ಮ ಪಿಲ್ಗು ಮಾಡ್ಕತಾನೆ. ನೀನು ಆರಾಮಾಗಿ ಮನೇಲಿ ಕೂತ್ಕೊ.”

“ಕೂತ್ಕೊಂಡು ಏನ್ ತಿನ್ನನ ಯಜಮಾನ್ರೆ, ಮೊಣಕಾಲಾ?”

ನಾವು ನಕ್ಕೆವು. ಯಜಮಾನನೂ ನಕ್ಕ. ಮಾತು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಇಳಿಹೊತ್ತಿನ ತಿಂಡಿ ಬಂತು. ಗಂಡಸರು ಅಕ್ಕಿಹೆಂಡದ ಬಟ್ಟಲು ಹಿಡಿದು ಮರದ ನೆರಳಿಗೆ ಹೋದರು. ಹಗ್ಗವನ್ನು ಬದುವಿನ ಮೇಲೆ ಉದ್ದಕ್ಕೆ ಹಾಸಿದ್ದರು. ಹೆಂಗಸು ದಾಟಿದ ಹಗ್ಗ ಗಂಡಸು ಮುಟ್ಟಿದರೆ ತೆನೆ ಜೊಳ್ಳಾಗುತ್ತದೆ ಎಂಬುದು ಯಜಮಾನನ ಅಜ್ಜನ ಕಾಲದ ಕಟ್ಟಳೆ. ಮೂರು ವರ್ಷದ ಹಿಂದೆ, ಅಳುವ ಕೂಸಿನ ಕಡೆಗೆ ಓಡಿದ ಒಬ್ಬಳು ದಾಟಿದ್ದಕ್ಕೆ ನಾಟಿ ನಿಲ್ಲಿಸಿ ಎರಡು ದಿನ ಹೊಸ ಹಗ್ಗ ಹೊಸೆಸಿದ್ದ. ಹಾಗಾಗಿ ನಾವು ತುದಿ ಸುತ್ತಿಕೊಂಡು ಹೋಗಿ ಜವೆಗೋಧಿ ಅನ್ನ, ಕಿಮ್ಚಿ ಉಪ್ಪಿನಕಾಯಿ ತಿಂದೆವು.

ಕೈ ತೊಳೆದು ಎದ್ದ ತಾಂಗ್ಜಿನಿನವಳು ಹಗ್ಗದ ಮುಂದೆ ನಿಂತಳು. “ನಮ್ಮಕ್ಕನ ಕಾಲು ನೋಯ್ತದೆ. ಅಷ್ಟು ದೂರ ಯಾಕೆ ಸುತ್ತಾದು?” ಅಂದವಳು ದಾಟಿಯೇಬಿಟ್ಟಳು. ಆಮೇಲೆ ಹಿಂದಕ್ಕೆ ದಾಟಿದಳು. “ಒಂದ್ಸಲಕ್ಕೆ ಸಾಲ್ದು ಕಣ್ರೇ, ಅನುಮಾನ ಇರಬಾರ್ದು.”

ನಾನೂ ದಾಟಿದೆ. ನನ್ನ ಹಿಂದೆ ಒಬ್ಬೊಬ್ಬರೇ ದಾಟಿದರು. ಕೊನೆಗೆ ಅಕ್ಕ, ನನ್ನ ಹೆಗಲು ಹಿಡಿದು, ಊದಿದ ಕಾಲನ್ನು ಕೈಯಿಂದಲೇ ಎತ್ತಿ ಆಚೆಗಿಟ್ಟಳು.

“ಏಯ್ ಮುಂಡೇರಾ,” ಎಂದು ಪಿಲ್ಗು ಓಡಿಬಂದು ಹಗ್ಗಕ್ಕೆ ಕೈ ಚಾಚಿದ.

“ಮುಟ್ಬೇಡ ಕಣೋ,” ಎಂದ ಯಜಮಾನ.

ಕೆರೆ ನೀರಿನ ನಮ್ಮ ಸರದಿ ಅವತ್ತು ಸಂಜೆಗೇ ಮುಗಿದು ಕೆಳಊರಿಗೆ ಹೋಗುವುದಿತ್ತು. ಇನ್ನೊಂದು ಹಗ್ಗ ಇರಲಿಲ್ಲ.

“ನಿಮ್ ಬೆಳೆ ಕೆಡಬಾರ್ದು ಯಜಮಾನ್ರೆ,” ಎಂದಳು ತಾಂಗ್ಜಿನಿನವಳು, ಬಹಳ ವಿನಯದಿಂದ. “ಈ ಹಗ್ಗ ನಾವೇ ಹಿಡೀತೀವಿ. ಸಾಲಲ್ಲಿ ಎರಡು ಜಾಗ ಖಾಲಿ ಆಯ್ತದೆ ಅಷ್ಟೆ. ಪಿಲ್ಗಣ್ಣ, ಚಲ್ಲಣ ಮಡಚ್ಕೊ.”

ಒಂದು ತುದಿ ಅವಳು ಹಿಡಿದಳು. ಇನ್ನೊಂದು ತುದಿ ಹಿಡಿದು ಅಕ್ಕ ಬದುವಿನ ಮೇಲೆ ಕಾಲು ಚಾಚಿ ಕೂತಳು. ಪಿಲ್ಗು, ಅವನ ಜೊತೆಗಾರ ಕೆಸರಿಗೆ ಇಳಿದರು. ಪಿಲ್ಗು ಊರಿದ ಪೈರು ಒಂದೊಂದಾಗಿ ತೇಲಿ ಬಂತು.

“ಅಣ್ಣಾ, ಅದು ಪೈರು, ದೋಣಿ ಅಲ್ಲ,” ಎಂದೆ ನಾನು.

ಕೊನೆಗೂ ಅವನ ಚಿಂದಿಗಳು ಮುಗಿದವು. ಹಗ್ಗ ಏಳಲಿಲ್ಲ.

“ಕೂಗವ್ವ, ಯಾಕೆ ಕೂತೆ?” ಯಜಮಾನನ ದನಿ ಬಿಗಿಯಾಗಿತ್ತು.

“ಕೂಗ್ತೀನಿ ಯಜಮಾನ್ರೆ. ನನ್ನ ಅರ್ಧ ಗದ್ದೆ ಯಾರ್ದು ಅಂತ ಮೊದ್ಲು ನೀವು ಕೂಗಿ. ಎಲ್ರಿಗೂ ಕೇಳ್ಸೋ ಹಂಗೆ.”

ಅವನು ಕೊಡೆ ಮಡಚಿದ. ಮತ್ತೆ ಬಿಚ್ಚಿದ. ಕೆಳಊರಿನವನು ನೀರು ತಿರುಗಿಸಿಕೊಳ್ಳಲು ಸಲಿಕೆ ಹೊತ್ತು ತೂಬಿನ ಕಡೆಗೆ ನಡೆದು ಬರುತ್ತಿದ್ದ. ಅಕ್ಕ ಹಗ್ಗವನ್ನು ಮಡಿಲಿಗೆ ಎಳೆದುಕೊಂಡಳು. ನಾವು ಒಬ್ಬೊಬ್ಬರೇ ಸೊಂಟ ನೆಟ್ಟಗೆ ಮಾಡಿ ನಿಂತೆವು.