ಮೂಸದ ವಾಸನೆ

ದಾಂಡೇಲಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಕರಿಬಸಪ್ಪ ಮಾಸ್ತರರು ಆ ಮಧ್ಯಾಹ್ನ ಪ್ರಯೋಗಶಾಲೆಯಲ್ಲಿ ಕುಳಿತು ವಿದ್ಯಾರ್ಥಿಗಳ ಜರ್ನಲ್ ತಿದ್ದುತ್ತಿದ್ದರು. ಪತ್ನಿ ಮಹಾದೇವಕ್ಕ ಶ್ರಾವಣದಲ್ಲಿ ಶಿವನ ಪಾದ ಸೇರಿದ್ದಳು. ಅಂದಿನಿಂದ ಮನೆಗೆ ಹೋಗುವ ಅವಸರ ಅವರಿಗಿರಲಿಲ್ಲ. ಹಿಂದೆ ಮನೆಗೆ ಹೊತ್ತೊಯ್ದು ತಿದ್ದುತ್ತಿದ್ದುದನ್ನು ಈಗ ಇಲ್ಲಿಯೇ, ಒಂದಕ್ಷರ ಬಿಡದೆ, ನಿಧಾನವಾಗಿ ಓದುತ್ತಿದ್ದರು.

ಓದಲು ಹೊಸದೇನೂ ಇರುತ್ತಿರಲಿಲ್ಲ. ಆ ವಾರದ್ದು ಲವಣ ಪರೀಕ್ಷೆ. ಲವಣಕ್ಕೆ ಆಮ್ಲ ಹಾಕಿದಾಗ ಕೊಳೆತ ತತ್ತಿಯ ವಾಸನೆ ಬಂತು, ಸೀಸದ ದ್ರಾವಣದಲ್ಲಿ ಅದ್ದಿದ ಕಾಗದ ಕಪ್ಪಾಯಿತು, ಆದ್ದರಿಂದ ಇದು ಸಲ್ಫೈಡ್. ಎಲ್ಲರೂ ಪುಸ್ತಕದಲ್ಲಿದ್ದುದನ್ನೇ ಇಳಿಸಿದ್ದರು. ಎಲ್ಲರಿಗೂ ಅಂಕ ಬಿದ್ದಿತು.

ಹಳಿಯಾಳದ ಶಿವಗಂಗವ್ವನ ಜರ್ನಲ್ ಬಂದಾಗ ಕೆಂಪು ಪೆನ್ನು ನಿಂತಿತು. ವಾಸನೆಯ ಜಾಗದಲ್ಲಿ ಆ ಹುಡುಗಿ, ‘ಮುಂಜಾನೆ ದಾಂಡೇಲಿಯಲ್ಲಿ ಬಸ್ಸಿಳಿದಾಗ ಬರುವ ವಾಸನೆ’ ಎಂದು ಚೊಕ್ಕ ಇಂಗ್ಲಿಷಿನಲ್ಲಿ ಬರೆದಿದ್ದಳು. ಮಾಸ್ತರರು ಅದನ್ನು ಹೊಡೆದುಹಾಕಿ ಅವಳನ್ನು ಕರೆಸಿದರು.

“ಇದೇನವಾ ತಂಗಿ? ನಮ್ಮ ಊರಿನ ಮರ್ಯಾದಿ ತಗೀತಿಯೇನು?”

“ಇಲ್ರಿ ಸರ್. ಕಾಗದದ ಗಿರಣಿ ಕಡಿಂದ ಗಾಳಿ ಬಂದ್ರ ಹಿಂಗ ನಾರತೈತ್ರಿ. ನಿಮಗ ರೂಢಿ ಆಗೇತಿ, ಗೊತ್ತಾಗಂಗಿಲ್ಲ.”

“ಕೊಳೆತ ತತ್ತಿ ಅಂತ ಬರಿ. ಮುಗೀತು.”

“ನಮ್ಮ ಮನ್ಯಾಗ ತತ್ತಿ ತರೂದಿಲ್ರಿ. ಚಲೋ ತತ್ತಿನ ಮೂಸಿಲ್ಲ, ಕೊಳೆತದ್ದು ಎಲ್ಲಿಂದ ಮೂಸ್ಲಿ? ಕಂಡದ್ದಷ್ಟ ಬರೀರಿ ಅಂತ ನೀವ ಹೇಳೀರಿ.”

ಮರುದಿನ ಜರ್ನಲ್‌ಗಳೆಲ್ಲ ಸಹಿಯಾಗಿ ಪ್ರಾಂಶುಪಾಲರ ಕೋಣೆ ಸೇರಬೇಕಿತ್ತು. ಸಹಿಯಿಲ್ಲದವರನ್ನು ಧಾರವಾಡದಿಂದ ಬರುವ ಪರೀಕ್ಷಕರ ಮುಂದೆ ನಿಲ್ಲಲು ಬಿಡುತ್ತಿರಲಿಲ್ಲ, ವರ್ಷವೇ ಹೋದಂತೆ. ಇದ್ದಂತೆಯೇ ಸಹಿ ಹಾಕಿದರೆ ಬಸ್ಸಿನ ಮಾತು ಕಂಡ ಪರೀಕ್ಷಕರು ಜರ್ನಲ್ಲನ್ನು ಬದಿಗೆ ಎಸೆಯುವರು. ಇದು ಹುಡುಗಿಗೂ ಗೊತ್ತಿತ್ತು. ಅವಳ ಕಣ್ಣು ತುಂಬಿ ಬಂತು. ಆದರೂ ಪೆನ್ನು ತೆಗೆಯಲಿಲ್ಲ.

“ಸರ್, ನೀವು ಮೂಸೀರೇನ್ರಿ? ಹೆಂಗಿರತೈತಿ ಹೇಳ್ರಿ, ನೀವು ಹೇಳಿದ್ರ ಬರೀತೇನಿ.”

ಮಾಸ್ತರರ ಕೈ ತಾನಾಗಿಯೇ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿತು. ತಲೆ ನರೆಯುವವರೆಗೆ ಕಲಿಸಿದ ವಾಸನೆ ಅದು.

“ಇಲ್ಲವಾ,” ಎಂದರು. “ನಾನೂ ಮೂಸಿಲ್ಲ.”

ಆಚೆ ಗಾಜಿನ ನಳಿಗೆ ತೊಳೆಯುತ್ತಿದ್ದ ಜವಾನ ದುರ್ಗಪ್ಪನಿಗೆ ನಗು ತಡೆಯಲಾಗಲಿಲ್ಲ.

“ಸಾಹೇಬ್ರ, ನಮ್ಮ ಕೋಳಿ ಕಾವಿಗೆ ಕುಂತು ಎದ್ದೈತ್ರಿ. ಒಂದು ತತ್ತಿ ಮರಿ ಆಗ್ದ ಹಂಗ ಉಳದೈತಿ. ತರ್ಲೇನು?”

“ತಾ.”

“ಖರೇನ ಮೂಸ್ತೀರಿ? ಶಿವನ! ನಿಮ್ಮ ಮಂದಿಗೆ ಗೊತ್ತಾದ್ರ ನನ್ನ ಬಡೀತಾರ್ರಿ.”

“ಬಡದ್ರ ಇಬ್ಬರಿಗೂ ಬಡೀಲಿ. ಹೋಗು.”

ದುರ್ಗಪ್ಪ ಹೋಗಿ ತತ್ತಿ ತಂದು, ಪ್ರಯೋಗಶಾಲೆಯ ಹಿಂದಿನ ಸಾಗವಾನಿ ಮರದ ಕೆಳಗೆ ಒಂದು ಕಲ್ಲಿನ ಮೇಲೆ ಕುಟ್ಟಿದ. ಮೂವರೂ ಹಿಂದೆ ಸರಿದರು. ಶಿವಗಂಗವ್ವ ಮೂಗಿಗೆ ಸೆರಗು ಹಿಡಿದವಳು, ಧೈರ್ಯ ತಂದುಕೊಂಡು ಸೆರಗು ತೆಗೆದು ಬಗ್ಗಿದಳು. ಒಳಗೆ ಓಡಿ, ಹೊಸದಾಗಿ ಆಮ್ಲ ಹಾಕಿದ ನಳಿಗೆಯನ್ನು ತಂದು ಅದನ್ನೂ ಮೂಸಿದಳು. ಮಾಸ್ತರರೂ ಹಾಗೆಯೇ ಮಾಡಿದರು.

“ಹೌದ್ರಿ ಸರ್, ಅದರ ಜಾತಿದ ಐತಿ. ಆದ್ರ ತತ್ತಿದು ಭಾಳ ಹೊಲಸು.”

“ಹೌದು,” ಎಂದು ಮಾಸ್ತರರು ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡರು. “ಭಾಳ ಹೊಲಸು.”

ಸಂಜೆ ಮನೆಯ ಹಿತ್ತಲಿನಲ್ಲೇ ನೀರು ಸೇದಿ ಮೈಮೇಲೆ ಸುರಿದುಕೊಂಡರು. ಮಹಾದೇವಕ್ಕ ಇದ್ದಿದ್ದರೆ ಹೊಸ್ತಿಲ ಬಳಿಯೇ ತಡೆದು ಬೈಯುತ್ತಿದ್ದಳು. ಆಮೇಲೆ ಪೂರಾ ಕಥೆ ಹೇಳಿಸಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದಳು. ಅದನ್ನು ನೆನೆದು ಅವರಿಗೂ ನಗು ಬಂತು. ನಗುತ್ತ ನಗುತ್ತಲೇ ಅತ್ತರು. ಆಮೇಲೆ ವಿಭೂತಿ ಧರಿಸಿ ಲಿಂಗಪೂಜೆಗೆ ಕುಳಿತರು. ಆ ಹೊತ್ತು ಪೂಜೆಯಲ್ಲಿ ಮನಸ್ಸು ನಿಂತಿತು.

ಮರುದಿನ ಮುಂಜಾನೆ ಶಿವಗಂಗವ್ವ ಜರ್ನಲ್ ತಂದಿಟ್ಟಳು. ಹೊಡೆದುಹಾಕಿದ ಸಾಲಿನ ಕೆಳಗೆ, ‘ಕೊಳೆತ ತತ್ತಿಯ ಜಾತಿಯದೇ ವಾಸನೆ; ಅದಕ್ಕಿಂತ ಹಗುರ. ಎರಡನ್ನೂ ಮೂಸಿ ಬರೆದದ್ದು’ ಎಂದಿತ್ತು. ಮಾಸ್ತರರು ಎರಡು ಸಲ ಓದಿದರು. ಇದಕ್ಕೆ ಯಾವ ಪರೀಕ್ಷಕನೂ ಬೆರಳು ತೋರಿಸಲಾರ.

“ನಿನ್ನೆ ಮನ್ಯಾಗ ಏನಂದ್ರವಾ?” ಎಂದು ಸಹಿ ಹಾಕುತ್ತ ಕೇಳಿದರು.

“ಅವ್ವ ಅಂಗಳದಾಗ ನಿಂದ್ರಿಸಿ ಕೊಡಗಟ್ಟಲೆ ನೀರು ಹಾಕಿದ್ಲರಿ.”

“ಅಕಿಗೆ ಹೇಳಿಬಿಟ್ಯಾ?”

“ಎಲ್ಲಿ ಹೋಗಿದ್ದಿ, ಇದೆಂಥಾ ನಾತ ಅಂದ್ಲು. ಸುಳ್ಳು ಹೆಂಗ ಹೇಳ್ಲಿರಿ?”

ಮಾಸ್ತರರು ಶಾಯಿ ಆರುವವರೆಗೆ ಊದಿ, ಜರ್ನಲ್ಲನ್ನು ಅವಳ ಕೈಗಿತ್ತರು.

“ನೀನ ಒಯ್ದು ಪ್ರಾಂಶುಪಾಲರ ಮೇಜಿನ ಮ್ಯಾಲ ಇಟ್ಟು ಬಾ, ಯವ್ವಾ.”